ಒಂದು ಮಗುವಿಗೆ ಎರಡು ಫೈಲು

ನನ್ನ ತಮ್ಮನ ಮಗುವಿಗೆ ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಎರಡು ಫೈಲುಗಳಿದ್ದವು. ಎರಡನೆಯದನ್ನು ತೆರೆದವಳು ನಾನು. ಹುಟ್ಟಿ ಎರಡು ದಿನ ತುಂಬದ, ಹೆಸರೂ ಇಡದ ಕೂಸಿಗೆ ಎರಡು ಫೈಲು ಯಾಕೆ ಬೇಕಾಯಿತು ಎಂದು ಯಾರಾದರೂ ಕೇಳಿದರೆ, ಬೇಕಾಗಿರಲಿಲ್ಲ ಎನ್ನುವುದೇ ಉತ್ತರ. ನನ್ನ ಕೊಬ್ಬಿಗೆ ಬೇಕಾಗಿತ್ತು.

ನನ್ನ ಹೆಸರು ಪ್ರಮೋದಾ. ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ರಕ್ತ ತೆಗೆಯುವುದು, ಮಿಷನ್ನಿಗೆ ಹಾಕುವುದು, ಬಂದ ಅಂಕಿಯನ್ನು ನೋಡಿ ಸಹಿ ಹಾಕಿ ಮೇಲಕ್ಕೆ ಕಳಿಸುವುದು. ಇಷ್ಟು ವರ್ಷದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರದೆಂದು ಕಳಿಸಿದವಳಲ್ಲ. ಹೊಸದಾಗಿ ಸೇರಿದ ಹುಡುಗಿಯರು ಟ್ಯೂಬಿನ ಮೇಲೆ ಹೆಸರು ಬರೆಯದೆ ಇಟ್ಟರೆ ಅವರ ಕಣ್ಣಲ್ಲಿ ನೀರು ಬರುವ ಹಾಗೆ ಬೈದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದು ಎಷ್ಟು ನಾಚಿಕೆಗೇಡು ಎಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನನ್ನ ತವರು ಸಾಸಲು. ತಮ್ಮ ಮಂಜೇಶ ಅಲ್ಲೇ ಅಮ್ಮನ ಜೊತೆ ಇದ್ದುಕೊಂಡು ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾನೆ. ಅವನ ಹೆಂಡತಿ ದಿವ್ಯ ಕುಂದಾಣದವಳು. ಮೊದಲ ಹೆರಿಗೆ, ಬಾಣಂತನ ತವರಿನವರದು, ಹಾಗಾಗಿ ಏಳನೇ ತಿಂಗಳಲ್ಲಿ ಅವಳ ತಂದೆ ಮುನಿರಾಮಯ್ಯ, ತಾಯಿ ಮುನಿವೆಂಕಟಮ್ಮ ಬಂದು ಕರೆದುಕೊಂಡು ಹೋಗಿದ್ದರು. ಹೆರಿಗೆಗೆ ಮಾತ್ರ ನಮ್ಮ ನರ್ಸಿಂಗ್ ಹೋಮಿಗೇ ಬರಲಿ ಎಂದವಳು ನಾನು. ಅತ್ತಿಗೆ ಅಲ್ಲೇ ಇರ್ತಾರೆ, ಧೈರ್ಯ ಎಂದು ದಿವ್ಯಳೂ ಒಪ್ಪಿದಳು.

ಶುಕ್ರವಾರ ಬೆಳಗ್ಗೆ ಗರ್ಭದ ನೀರು ಒಡೆದು, ಮಗು ಹುಟ್ಟಿದ್ದು ಶನಿವಾರ ಬೆಳಗ್ಗೆ. ಗಂಡು ಮಗು, ಎರಡೂ ಮುಕ್ಕಾಲು ಕಿಲೋ. ನೀರು ಒಡೆದು ಅಷ್ಟು ಹೊತ್ತಾದರೆ ಮಗುವಿಗೆ ನಂಜು ತಗುಲುವ ಭಯವಿರುತ್ತದೆ. ನಮ್ಮ ಮಕ್ಕಳ ಡಾಕ್ಟರು ವೇಣುಗೋಪಾಲ್ ಅದಕ್ಕೊಂದು ಕ್ರಮ ಇಟ್ಟುಕೊಂಡಿದ್ದಾರೆ. ಹುಟ್ಟಿದ ಹನ್ನೆರಡು ಗಂಟೆಗೆ ಒಮ್ಮೆ, ಮತ್ತೊಂದು ದಿನ ಕಳೆದು ಇನ್ನೊಮ್ಮೆ ಸಿಆರ್‌ಪಿ ನೋಡಬೇಕು. ಮೈಯೊಳಗೆ ನಂಜು ಹೊಕ್ಕರೆ ಲಿವರು ಸಿಆರ್‌ಪಿ ಎಂಬ ಪದಾರ್ಥವನ್ನು ರಕ್ತಕ್ಕೆ ಬಿಡುತ್ತದೆ. ಹೊಕ್ಕ ತಕ್ಷಣ ಬಿಡುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಹಾಗಾಗಿ ಒಂದೇ ಅಂಕಿಯನ್ನು ನಂಬಿಕೊಂಡು ಕೂರುವಂತಿಲ್ಲ. ಹತ್ತರ ಒಳಗಿದ್ದರೆ ನಾರ್ಮಲ್ ಎಂದು ಕಾಗದದ ಮೇಲೆ ಅಚ್ಚಾಗಿರುತ್ತದೆ ನಿಜ, ಆದರೆ ಡಾಕ್ಟರು ಕೇಳುವುದು ಬೇರೆ. ನಿನ್ನೆಗಿಂತ ಏರಿದೆಯಾ ಇಳಿದಿದೆಯಾ ಎಂದು ಕೇಳುತ್ತಾರೆ. ಎಳೆ ಮಗು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಎಷ್ಟೋ ಸಲ ಜ್ವರ ಕೂಡ ಬರುವುದಿಲ್ಲ. ಅದರ ಪರವಾಗಿ ಮಾತಾಡುವುದು ಆ ಎರಡು ಅಂಕಿಗಳೇ.

ಶನಿವಾರ ಸಂಜೆಯ ರಕ್ತವನ್ನು ನನ್ನ ಜೊತೆಗೆ ಕೆಲಸ ಮಾಡುವ ಅಕ್ಷತ ತೆಗೆದಳು. ಆಸ್ಪತ್ರೆಗೆ ಸೇರಿಸಿದವರು ಮುನಿರಾಮಯ್ಯ, ಬರೆಸಿದ್ದು ಅವರ ಹೆಸರು, ಕೊಟ್ಟಿದ್ದು ಅವರ ಫೋನ್ ನಂಬರು. ಆದ್ದರಿಂದ ಫೈಲಿನಲ್ಲಿ ‘ದಿವ್ಯ ಮುನಿರಾಮಯ್ಯ ಅವರ ಮಗು’ ಎಂದು ಬಂತು. ಅಂಕಿ ಸೊನ್ನೆ ಪಾಯಿಂಟ್ ಒಂಬತ್ತು.

ಭಾನುವಾರ ನನ್ನ ಡ್ಯೂಟಿ. ಸಂಜೆ ಐದು ಗಂಟೆಗೆ ನಾನೇ ಮೇಲೆ ಹೋದೆ. ವಾರ್ಡಿನಲ್ಲಿ ಕುಂದಾಣದವರೇ ತುಂಬಿದ್ದರು. ಮುನಿರಾಮಯ್ಯನವರು ಬಂದವರಿಗೆಲ್ಲ ಮೈಸೂರುಪಾಕು ಹಂಚುತ್ತಾ ‘ನಮ್ಮನೆ ಮೊದ್ಲ್ನೇ ಮೊಮ್ಮಗ, ತಗೊಳ್ಳಿ, ನಮ್ಮನೆ ಮಗ’ ಎನ್ನುತ್ತಿದ್ದರು. ನಮ್ಮಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ಆ ಮೈಸೂರುಪಾಕನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ತಿಂದಿರಲಿಲ್ಲ. ನನ್ನನ್ನು ನೋಡಿ ಒಂದು ಹುಬ್ಬು ಮೇಲೆತ್ತಿದಳು, ಅಷ್ಟೇ. ಅದು ನನಗೆ ಸಾಕಾಯಿತು.

ಮಗುವಿನ ಕೈಯ ಹಿಂಬದಿಯ ನರದಿಂದ ರಕ್ತ ತೆಗೆದೆ. ನರ್ಸು ಟ್ಯೂಬಿಗೆ ಅಂಟಿಸಲು ಚೀಟಿ ಕೊಟ್ಟಳು. ಅದರ ಮೇಲೂ ಮುನಿರಾಮಯ್ಯ. ನಮ್ಮ ಮನೆಯ ಮಗು, ನಮ್ಮ ತಮ್ಮನ ಮಗು, ನಾನೇ ಕೆಲಸ ಮಾಡುವ ಲ್ಯಾಬಿನಲ್ಲಿ ಕುಂದಾಣದವರ ಹೆಸರಲ್ಲಿ ಇರಬೇಕಾ ಎನ್ನಿಸಿತು. ಆ ಚೀಟಿಯನ್ನು ಹರಿದು ಕಸದ ಡಬ್ಬಿಗೆ ಹಾಕಿ, ಹೊಸ ಚೀಟಿಯಲ್ಲಿ ‘ದಿವ್ಯ ಮಂಜೇಶ್ ಅವರ ಮಗು’ ಎಂದು ಬರೆದೆ. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಹೊಸ ಫೈಲು ತೆರೆದು ತಮ್ಮನ ಫೋನ್ ನಂಬರು ಹಾಕಿದೆ. ಇದರಲ್ಲಿ ತಮಾಷೆಯೆಂದರೆ, ಒಂಬತ್ತು ವರ್ಷದ ಹಿಂದೆ ನನ್ನ ಹೆರಿಗೆಯೂ ಇದೇ ಆಸ್ಪತ್ರೆಯಲ್ಲಿ ನಮ್ಮಪ್ಪನ ಹೆಸರಿನಲ್ಲೇ ಆಗಿತ್ತು. ನನ್ನ ಗಂಡನ ಮನೆಯವರು ಒಬ್ಬರೂ ತುಟಿ ಎರಡು ಮಾಡಿರಲಿಲ್ಲ.

ನಮ್ಮ ಕಂಪ್ಯೂಟರು ಒಂದು ಫೈಲಿನಲ್ಲಿ ಹಳೆಯ ಅಂಕಿ ಇದ್ದರೆ ಹೊಸ ಅಂಕಿಯ ಪಕ್ಕದಲ್ಲಿ ಅದನ್ನೂ ತೋರಿಸುತ್ತದೆ. ಏರಿದ್ದರೆ ಕೆಂಪು ಬಾಣದ ಗುರುತು ಬರುತ್ತದೆ. ದಿನಕ್ಕೆ ಇನ್ನೂರು ಮುನ್ನೂರು ಅಂಕಿ ನೋಡುವವರು ನಾವು. ಅಂಕಿಗಿಂತ ಮೊದಲು ಬಾಣವನ್ನು ನೋಡುವುದು ರೂಢಿಯಾಗಿಬಿಟ್ಟಿದೆ. ಬಾಣವಿಲ್ಲದಿದ್ದರೆ ಕಣ್ಣು ಮುಂದಕ್ಕೆ ಹೋಗುತ್ತದೆ.

ಮಗುವಿನ ಅಂಕಿ ಬಂತು. ಒಂಬತ್ತು ಪಾಯಿಂಟ್ ಒಂದು. ಹೊಸ ಫೈಲಾದ್ದರಿಂದ ಪಕ್ಕದ ಜಾಗ ಖಾಲಿ, ಬಾಣವಿಲ್ಲ. ಡಾಕ್ಟರು ಯಾವುದೋ ಮದುವೆಯಲ್ಲಿದ್ದರು, ಅಲ್ಲಿಂದಲೇ ಫೋನ್ ಮಾಡಿದರು. ಹಿಂದೆ ವಾಲಗದ ಸದ್ದು.

“ಪ್ರಮೋದಾ, ಮುನಿರಾಮಯ್ಯನವರ ಮೊಮ್ಮಗಂದು ಎರಡನೇ ಸಿಆರ್‌ಪಿ ಬಂತೇನಮ್ಮ?”

“ಬಂತು ಸರ್. ಒಂಬತ್ತು ಪಾಯಿಂಟ್ ಒಂದು. ನಾರ್ಮಲ್.”

“ನಿನ್ನೇದಕ್ಕಿಂತ ಏರಿದೆಯಾ?”

ಪರದೆ ನೋಡಿದೆ. ಬಾಣವಿರಲಿಲ್ಲ. “ಏರಿಲ್ಲ ಸರ್,” ಎಂದೆ.

“ಸರಿ ಹಾಗಾದ್ರೆ. ಬೆಳಗ್ಗೆ ಮನೆಗೆ ಕಳಿಸೋಣ.”

ಅಕ್ಷತ ತೆರೆದಿದ್ದ ಫೈಲನ್ನು ನೋಡಲು ಹತ್ತು ಸೆಕೆಂಡು ಬೇಕಾಗಿತ್ತು. ಅದು ಇದೆ ಎಂದು ನನಗೆ ಗೊತ್ತಿತ್ತು. ಮುನಿರಾಮಯ್ಯ ಎಂಬ ಹೆಸರನ್ನು ಬೆರಳಿಂದ ಒತ್ತಲು ಮನಸ್ಸಾಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಆಮೇಲೆ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಸೋಮವಾರ ತಾಯಿ ಮಗು ಕುಂದಾಣಕ್ಕೆ ಹೋದರು. ಮಂಗಳವಾರ ಮುನಿವೆಂಕಟಮ್ಮ ಮಗುವಿಗೆ ಮೈತುಂಬ ಎಣ್ಣೆ ತಿಕ್ಕಿ, ಹೊಕ್ಕುಳಿಗೆ ಎರಡು ತೊಟ್ಟು ಬಿಟ್ಟು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರು. ಬುಧವಾರ ಬೆಳಗ್ಗೆ ಮಗು ಮೊಲೆ ಹಿಡಿಯಲಿಲ್ಲ. ಅಳಲಿಲ್ಲ. ಕೈಕಾಲು ತಣ್ಣಗಾಗಿ ಜೋತುಬಿದ್ದಿದ್ದವು. ದಿವ್ಯ ನನಗೆ ಫೋನ್ ಮಾಡಿ “ಅತ್ತಿಗೆ, ಮಗು ಯಾಕೋ ಎಚ್ಚರಾನೇ ಆಗ್ತಿಲ್ಲ” ಎಂದಳು. ನಾನು ಡಾಕ್ಟರಿಗೆ ಹೇಳಿ, ಆಂಬುಲೆನ್ಸು ಕಳಿಸಿ, ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತುಮಾಡಿದೆ. ಒಂದು ಗಂಟೆಯೊಳಗೆ ಎಲ್ಲ ಆಯಿತು. ಅದಕ್ಕೇ ಇವತ್ತಿಗೂ ನಮ್ಮ ಕಡೆಯ ನೆಂಟರು ‘ಪ್ರಮೋದಾ ಇಲ್ದಿದ್ರೆ ಮಗು ಉಳೀತಿರ್ಲಿಲ್ಲ’ ಎನ್ನುತ್ತಾರೆ.

ಅಲ್ಲಿ ನೋಡಿದಾಗ ಸಿಆರ್‌ಪಿ ಎಂಬತ್ನಾಲ್ಕು. ಹಳೆಯ ರಿಪೋರ್ಟು ಕಳಿಸಿ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಆಗ ನಾನು ಮೊದಲ ಫೈಲನ್ನು ತೆರೆದೆ. ಸೊನ್ನೆ ಪಾಯಿಂಟ್ ಒಂಬತ್ತು. ಆಮೇಲೆ ನನ್ನ ಫೈಲನ್ನು ತೆರೆದೆ. ಒಂಬತ್ತು ಪಾಯಿಂಟ್ ಒಂದು. ಒಂದು ದಿನದಲ್ಲಿ ಹತ್ತು ಪಟ್ಟು.

ನನಗೆ ಏನೂ ಅನ್ನಿಸಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಬೆವರಲಿಲ್ಲ. ಎರಡನ್ನೂ ವಾಟ್ಸಾಪಿನಲ್ಲಿ ಕಳಿಸಿ, ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬರ ಸಕ್ಕರೆ ಟೆಸ್ಟಿಗೆ ರಕ್ತ ತೆಗೆದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ. ಏನು ತಿಂದೆನೋ ನೆನಪಿಲ್ಲ. ಅಲ್ಲಿಯ ಡಾಕ್ಟರು ಎರಡು ಅಂಕಿಯನ್ನೂ ಬರೆದುಕೊಂಡರು, ಎರಡು ಹೆಸರನ್ನು ಯಾರೂ ಗಮನಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ದಿನದ ಮಗು.

ಹದಿನಾಲ್ಕು ದಿನ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ನಮ್ಮಮ್ಮ ಸಾಸಲಿನಿಂದ ದಿನಾ ಬೆಳಗ್ಗೆ ಫೋನ್ ಮಾಡಿ, ಟೊಮೇಟೊ ರೇಟು ಕೇಳುವ ಹಾಗೆ “ಇವತ್ತು ಸಿಆರ್‌ಪಿ ಎಷ್ಟಂತೆ?” ಎಂದು ಕೇಳುತ್ತಿದ್ದಳು. ಎಂಬತ್ನಾಲ್ಕು, ಅರವತ್ತೊಂದು, ಮೂವತ್ಮೂರು, ಹನ್ನೆರಡು, ನಾಲ್ಕು. ಇಳಿದ ಪ್ರತಿ ಸಲವೂ ಮನೆಯವರೆಲ್ಲ ದೇವರಿಗೆ ಕೈಮುಗಿದರು. ನಾನೂ ಮುಗಿದೆ, ಒಳಗೆ ಏನೂ ಅಲುಗದೆ.

ಎರಡನೆಯ ದಿನವೋ ಮೂರನೆಯ ದಿನವೋ, ಆ ಆಸ್ಪತ್ರೆಯ ಮೆಟ್ಟಿಲ ಹತ್ತಿರ, ಮಗು ನೋಡಲು ಬಂದ ಅಮ್ಮ ಮುನಿವೆಂಕಟಮ್ಮನನ್ನು ಎಲ್ಲರೆದುರಿಗೆ ಹಿಡಿದು ನಿಲ್ಲಿಸಿದಳು.

“ಹೊಕ್ಕುಳಿಗೆ ಎಣ್ಣೆ ಬಿಟ್ಟು ನಮ್ ಮಗುಗೆ ನಂಜು ಹತ್ತಿಸ್ಬಿಟ್ರಲ್ಲಾ. ಯಾವ್ ಕಾಲದಾಗಿದ್ದೀರಾ ನೀವು?”

ಮುನಿವೆಂಕಟಮ್ಮ ಬಾಯಿಗೆ ಸೆರಗು ಹಿಡಿದು ನಿಂತರು. “ದಿವ್ಯಂಗೂ ಹಂಗೇ ಬಿಟ್ಟಿದ್ದೆ, ಅವ್ಳ ತಮ್ಮಂಗೂ ಹಂಗೇ” ಎಂದು ಏನೋ ಹೇಳಲು ಹೋದರು.

“ಲ್ಯಾಬಲ್ಲಿರೋಳು ನೀನೇ ಹೇಳೇ ಪ್ರಮೋದಾ,” ಎಂದಳು ಅಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. “ಎಣ್ಣೆ ಬಿಡಬಾರ್ದಿತ್ತು,” ಎಂದೆ.

ಅದು ಸುಳ್ಳಲ್ಲ. ಹೊಕ್ಕುಳಿಗೆ ಎಣ್ಣೆ ಬಿಡಬಾರದು ಎಂದು ಯಾವ ನರ್ಸನ್ನು ಕೇಳಿದರೂ ಹೇಳುತ್ತಾಳೆ. ನಿಜವನ್ನೇ ಹೇಳಿ ನಾನು ಆ ಹೆಂಗಸಿನ ಕತ್ತಿಗೆ ಹಗ್ಗ ಹಾಕಿದೆ. ಹಗ್ಗ ಬಿಗಿಯುವಾಗಲೂ ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನು ಈಗ ಯೋಚಿಸಿದರೆ ಭಯವಾಗುತ್ತದೆ.

ಮಗು ಗುಣವಾದ ಮೇಲೆ ಬಾಣಂತಿಯನ್ನು ಕುಂದಾಣಕ್ಕೆ ಕಳಿಸಲಿಲ್ಲ. ನೇರ ಸಾಸಲಿಗೆ ಕರೆತಂದರು. ಮೊದಲ ಬಾಣಂತನವನ್ನು ತವರಿನಿಂದ ಕಿತ್ತುಕೊಂಡರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮುನಿವೆಂಕಟಮ್ಮ ಎರಡು ಸಲ ಬಸ್ಸು ಹತ್ತಿ ಬಂದರು. ಮೊದಲ ಸಲ ನಮ್ಮವರು ಮಗು ಮಲಗಿದೆ ಎಂದರು, ಎರಡನೆಯ ಸಲ ಮಂಜೇಶ ಬಾಗಿಲಲ್ಲೇ ನಿಂತು “ಡಾಕ್ಟ್ರು ಯಾರೂ ಮುಟ್ಬಾರ್ದು ಅಂದವ್ರೆ” ಎಂದನಂತೆ. ಆಮೇಲೆ ಅವರು ಬರಲಿಲ್ಲ. ದಿವ್ಯ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೋದಾಗಲೆಲ್ಲ ಗೋಡೆಯ ಕಡೆ ತಿರುಗಿ ಹಾಲೂಡಿಸುತ್ತಿದ್ದಳು.

ನಾನು ಡಾಕ್ಟರ್ ವೇಣುಗೋಪಾಲರಿಗೆ ಹೇಳಿದೆ. ತಡಮಾಡಿ ಹೇಳಿದೆ, ಆದರೆ ಹೇಳಿದೆ. ಎರಡು ಕಾಗದವನ್ನೂ ಅವರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದು ಗೊತ್ತಿದ್ದಿದ್ರೆ ಇನ್ನೊಂದ್ ದಿನ ಇಟ್ಕೊಂಡು ಮೂರನೇ ಸಲ ನೋಡ್ತಿದ್ದೆ,” ಎಂದರು. “ಹುಟ್ಟಿದ್ ಮಕ್ಕಳಿಗೆ ಒಂಚೂರು ಏರೋದು ಸಹಜಾನೂ ಇರುತ್ತೆ. ಆದ್ರೂ ಇಷ್ಟು ಏರಿದ್ರೆ ಕಳಿಸ್ತಿರ್ಲಿಲ್ಲ. ನಾನೂ ಫೋನಲ್ಲೇ ಮುಗಿಸ್ಬಾರ್ದಿತ್ತು ಬಿಡು.” ಎರಡನೆಯ ಕಾಗದದ ಮೇಲೆ ಬೆರಳಿಟ್ಟು, “ಎಣ್ಣೆಯಿಂದ ಬಂದಿದ್ದಲ್ಲಮ್ಮ ಇದು. ಅದು ಮನೆಗೆ ಹೋಗೋಕೆ ಮುಂಚೇನೇ ಶುರುವಾಗಿತ್ತು,” ಎಂದರು.

ಒಂದು ಫಾರಂ ತುಂಬಿಸಿಕೊಂಡರು. ಏನಾಯಿತು, ಯಾಕಾಯಿತು, ಮುಂದೆ ಆಗದಿರಲು ಏನು ಕ್ರಮ. ಬಸುರಿಯರಿಗೆ ಸರ್ಕಾರ ಕೊಡುವ ‘ತಾಯಿ ಕಾರ್ಡಿ’ನ ನಂಬರು ಹಾಕದೆ ಯಾವ ಮಗುವಿಗೂ ಹೊಸ ಫೈಲು ತೆರೆಯಬಾರದು ಎಂದು ಅವತ್ತಿಂದ ನಿಯಮವಾಯಿತು. ಆಸ್ಪತ್ರೆಯಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಫಾರಂ ಇದೆ. ಮನೆಯಲ್ಲಿ ಅಂಥದ್ದೇನೂ ಇಲ್ಲ. ತಮ್ಮನ ಎದುರು ಬಾಯಿ ತೆರೆಯಬೇಕು ಎಂದು ಹೋಗಿ, ಕಾಫಿ ಕುಡಿದು, ಮಗುವಿನ ತೂಕ ಕೇಳಿ ಮೂರು ಸಲ ವಾಪಸು ಬಂದೆ.

ಆಮೇಲೆ ನಾಮಕರಣದ ದಿನ ಗೊತ್ತಾಯಿತು. ಬರುವ ಭಾನುವಾರ, ಸಾಸಲಿನಲ್ಲೇ. ಅಮ್ಮ ಕರೆಯಬೇಕಾದವರ ಪಟ್ಟಿಯನ್ನು ನನಗೆ ಓದಿ ಹೇಳಿದಳು. ಕುಂದಾಣದಿಂದ ಮುನಿರಾಮಯ್ಯ ಒಬ್ಬರೇ. “ಲೋಕ ಏನಂದೀತು ಅಂತ ಅವ್ರ್‌ನ ಕರೀತಾ ಇದೀನಿ. ಅವ್ಳ್ ಬರೋದ್ ಬೇಡ. ಮಗು ಮೇಲೆ ಅವ್ಳ ಕೈ ಬೀಳಬಾರ್ದು,” ಎಂದಳು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸಿರಬೇಕಾದವಳು ಸೋದರತ್ತೆ. ಅಂದರೆ ನಾನು. ಅದಕ್ಕೆಂದು ನನಗೆ ರೇಷ್ಮೆ ಸೀರೆ ತಂದಿಟ್ಟಿದ್ದರು. ಹಸಿರು ಸೀರೆ, ಕೆಂಪಂಚು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಈ ಬಾಯಲ್ಲಿ ಆ ಕಿವಿಗೆ ಹೆಸರು ಹೇಳಲಾರೆ ಎಂದು ಮೊದಲ ಸಲ ಸ್ಪಷ್ಟವಾಗಿ ಅನ್ನಿಸಿತು.

ಗುರುವಾರ ರಜೆ ಹಾಕಿ, ಸ್ಕೂಟರಿನಲ್ಲಿ ಕುಂದಾಣಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸಿಕೊಂಡೆ. ದ್ರಾಕ್ಷಿ ಚಪ್ಪರಗಳು ಹೋದವು, ಲೇಔಟಿನ ಕಲ್ಲು ನೆಟ್ಟ ಹೊಲಗಳು ಹೋದವು, ತಲೆಯ ಮೇಲೆ ವಿಮಾನ ಚಕ್ರ ಬಿಟ್ಟುಕೊಂಡು ಇಳಿಯಿತು. ಊರು ಸಿಕ್ಕಿದಾಗ ಜೋಡಿಸಿಕೊಂಡದ್ದೆಲ್ಲ ಮರೆತುಹೋಗಿತ್ತು.

ಮುನಿವೆಂಕಟಮ್ಮ ಜಗಲಿಯ ಮೇಲೆ ಹುರುಳಿಕಾಯಿ ರಾಶಿ ಹಾಕಿಕೊಂಡು ಬಲಿತದ್ದು ಎಳೆಯದು ಬೇರೆ ಮಾಡುತ್ತಿದ್ದರು. ಮುನಿರಾಮಯ್ಯ ತೋಟಕ್ಕೆ ಹೋಗಿದ್ದರು. ನನ್ನನ್ನು ಕಂಡದ್ದೇ ಆಕೆ ದಡಬಡಿಸಿ ಎದ್ದರು.

“ಮಗು ಹೆಂಗೈತಮ್ಮ? ಏನಾದ್ರೂ ಆಯ್ತಾ?”

“ಚೆನ್ನಾಗೈತೆ ಅತ್ತೆ. ನಾಲ್ಕೂವರೆ ಕಿಲೋ ಆಗೈತೆ.”

ಅವರು ಮತ್ತೆ ಕೂತರು. ಕೂದಲು ಒಣಗಿ ಹರಡಿಕೊಂಡಿತ್ತು. ಮದುವೆಯಲ್ಲಿ ನೋಡಿದಾಗ ಎಣ್ಣೆ ಹಾಕಿ ನುಣ್ಣಗೆ ಬಾಚಿ ತುರುಬು ಕಟ್ಟಿದ್ದ ಹೆಂಗಸು. ಒಳಗಿನ ಗೋಡೆಗೆ ಒರಗಿಸಿ ಹೊಸ ತೊಟ್ಟಿಲು ನಿಲ್ಲಿಸಿದ್ದರು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ನಾಮಕರಣಕ್ಕೆ ತೊಟ್ಟಿಲು ತರಬೇಕಾದವರು ತಾಯಿಯ ತವರಿನವರು. ಸಾಸಲಿನಲ್ಲಿ ಅಮ್ಮ ಆಗಲೇ ಬೇರೆ ತೊಟ್ಟಿಲು ತಂದಿದ್ದಳು.

ನಾನು ಕೂತುಕೊಂಡು ಹೇಳಿದೆ. ಸುತ್ತಿಬಳಸಲು ಬರಲಿಲ್ಲ, ಒಂದೇ ಉಸಿರಿಗೆ ಹೇಳಿದೆ. ಚೀಟಿ ಹರಿದದ್ದು, ಬೇರೆ ಹೆಸರು ಬರೆದದ್ದು, ಡಾಕ್ಟರಿಗೆ ಏರಿಲ್ಲ ಎಂದದ್ದು. ಅವರು ಕೈಯಲ್ಲೊಂದು ಹುರುಳಿಕಾಯಿ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು.

“ಒಂಬತ್ತು ಅಂದ್ರೆ ಜಾಸ್ತೀನಾ?” ಎಂದರು.

“ಹತ್ತರ ಒಳಗಿದ್ರೆ ಜಾಸ್ತಿ ಅನ್ನಲ್ಲ ಅತ್ತೆ. ಆದ್ರೆ ಹಿಂದಿನ್ ದಿನ ಒಂದೂ ಇರ್ಲಿಲ್ಲ. ಒಂದೇ ದಿನಕ್ಕೆ ಒಂಬತ್ತಾಗಿತ್ತು. ಅದನ್ನ ನೋಡಿದ್ರೆ ಮಗೂನ ಮನೆಗೆ ಕಳಿಸ್ತಿರ್ಲಿಲ್ಲ.”

“ಹಾಲಿನ್ನೂ ಉಕ್ಕಿರ್ಲಿಲ್ಲ, ಮೇಲಕ್ಕೆ ಬರ್ತಾ ಇತ್ತು ಅಂತೀಯ.”

“ಹೂಂ ಅತ್ತೆ.”

“ನಾನು ನೀರ್ ಹಾಕಿದ್ದು ಮಂಗಳವಾರ.”

“ಇದು ಭಾನುವಾರಾನೇ ಇತ್ತು.”

“ಅಂದ್ರೆ ನನ್ ಕೈಯಿಂದ ಆಗಿದ್ದಲ್ಲ.”

“ಅಲ್ಲ. ಡಾಕ್ಟ್ರೂ ಅದೇ ಹೇಳಿದ್ರು.”

ಅವರು ಹುರುಳಿಕಾಯನ್ನು ಕೆಳಗಿಟ್ಟು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ಬಂದಿದ್ದೆ.

“ನಲವತ್ ದಿನ ಆಯ್ತು ಕಣಮ್ಮ,” ಎಂದರು. “ಅನ್ನ ಕಲಸಕ್ಕೂ ಈ ಕೈ ನೋಡಿದ್ರೆ ಹೇಸಿಗೆ ಆಗೋದು. ಹೆತ್ತ ಮಗ್ಳ ಕೂಸ್ನ ಕೊಲ್ಲಕ್ ಹೋದ ಕೈ ಅಂತ. ಎಣ್ಣೆ ಬಾಟ್ಲಿ ಮುಟ್ಟಿಲ್ಲ ನಾನು ಅವತ್ತಿಂದ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗಿ, ನನಗೆ ಮಜ್ಜಿಗೆ ತಂದುಕೊಟ್ಟರು.

“ಇದನ್ನ ಸಾಸಲಲ್ಲಿ ಹೇಳಿದೀಯಾ?”

“ಇಲ್ಲ.”

“ಹೇಳ್ಬೇಡ ಬಿಡು.”

ನಾನು ತಲೆಯೆತ್ತಿ ನೋಡಿದೆ.

“ನನ್ ಮಗ್ಳು ಆ ಮನೇಲಿ ಬಾಳ್ಬೇಕು. ನೀನು ಆ ಮನೆ ಹಿರೀ ಮಗ್ಳು. ನಾಳೆ ನಿಮ್ಮಮ್ಮನ್ಗೂ ನಿಂಗೂ ಆಗಲ್ಲ, ನಿಮ್ ತಮ್ಮಂಗೂ ನಿಂಗೂ ಆಗಲ್ಲ. ಕೊನೇಗೆ ಇವ್ಳಿಂದಾನೇ ಮನೆ ಒಡೀತು ಅಂತ ದಿವ್ಯನ್ ಮೇಲೇ ಬರುತ್ತೆ. ನನಗ್ ಗೊತ್ತಾಯ್ತಲ್ಲ, ಅಷ್ಟು ಸಾಕು. ಮಗು ಬದುಕ್ತಲ್ಲ, ಅಷ್ಟು ಸಾಕು.”

ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಒಂದು ಕ್ಷಣವಲ್ಲ, ಒಂದು ಲೋಟ ಮಜ್ಜಿಗೆ ಮುಗಿಯುವಷ್ಟು ಹೊತ್ತು. ಸ್ಕೂಟರು ಹತ್ತಿ ಹೊರಟರೆ ಮುಗಿಯಿತು. ಭಾನುವಾರ ಹಸಿರು ಸೀರೆ ಉಟ್ಟು ಹೆಸರು ಹೇಳಿ ಬರಬಹುದು. ಅನುಭವಿಸಿದವರೇ ಬೇಡ ಎಂದ ಮೇಲೆ ನನ್ನದೇನು? ನಲವತ್ತು ದಿನದಿಂದ ಏನೂ ಅನ್ನಿಸದೆ ಇದ್ದವಳಿಗೆ ಮೊದಲು ಅನ್ನಿಸಿದ್ದು ಈ ಹಾಯಿ. ಅದು ತಿಳಿದದ್ದೇ ಆ ಹೆಂಗಸಿನ ಎದುರು ಕೂರಲು ನನಗೆ ಅಸಹ್ಯವಾಯಿತು, ಅವರ ಮೇಲಲ್ಲ, ನನ್ನ ಮೇಲೆ.

ಲೋಟ ಕೆಳಗಿಟ್ಟು, ಫೋನ್ ತೆಗೆದು ಮಂಜೇಶನಿಗೆ ಮಾಡಿದೆ. ಅವನಿಗೆ ಆ ವಾರ ರಾತ್ರಿ ಪಾಳಿ, ಹಗಲು ಮನೆಯಲ್ಲಿರುತ್ತಾನೆ. ಸ್ಪೀಕರ್ ಒತ್ತಿ ಫೋನನ್ನು ಹುರುಳಿಕಾಯಿಯ ಪಕ್ಕ ಜಗಲಿಯ ಮೇಲಿಟ್ಟೆ. “ಬ್ಯಾಡ ಕಣಮ್ಮ” ಎಂದು ಮುನಿವೆಂಕಟಮ್ಮ ಕೈ ಮುಂದೆ ಮಾಡಿದರು. ಅಷ್ಟರಲ್ಲಿ ಅವನು ಎತ್ತಿದ್ದ.

“ಹೇಳಕ್ಕ.”

“ಮಂಜ, ಕೇಳು. ನಡುವೆ ಮಾತಾಡ್ಬೇಡ.”

ಅವನಿಗೂ ಹಾಗೇ ಹೇಳಿದೆ. ಎರಡನೆಯ ಸಲ ಹೇಳುವಾಗ ಚಿಕ್ಕದಾಯಿತು. ನಿನ್ನ ಹೆಸರು ಹಾಕಬೇಕು ಎಂದು ಚೀಟಿ ಹರಿದೆ. ಅದರಿಂದ ಏರಿದ್ದು ಕಾಣಲಿಲ್ಲ. ನೋಡದೆ ಏರಿಲ್ಲ ಎಂದೆ. ಮಗುವಿಗೆ ನಂಜು ಎಣ್ಣೆಯಿಂದ ಬಂದದ್ದಲ್ಲ.

ಆ ಕಡೆ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

“ಯಾರ್‌ಯಾರ್‌ಗೆ ಗೊತ್ತು ಇದು?” ಎಂದ.

“ಡಾಕ್ಟ್ರಿಗೆ ಗೊತ್ತು.”

“ಸರಿ, ಅಲ್ಗೇ ಬಿಡು. ಮಗು ಚೆನ್ನಾಗೈತಲ್ಲ ಈಗ. ಇನ್ ಮೂರ್ ದಿನಕ್ಕೆ ಫಂಕ್ಷನ್ ಮಡ್ಕೊಂಡು ಇದನ್ನೆಲ್ಲ ಕೆದಕ್ಬೇಡಕ್ಕ. ಅಮ್ಮಂಗ್ ಹೇಳಿದ್ರೆ ನಿನ್ನ ಮನೆ ಒಳಕ್ಕೇ ಸೇರ್ಸಲ್ಲ. ಹೆಂಗೂ ಎಣ್ಣೆ ಅಂತ ಎಲ್ರೂ ಒಪ್ಕೊಂಡವ್ರೆ. ಅದು ಅವ್ರ್ ತಲೆ ಮೇಲೇ ಇರ್ಲಿ.”

ನನ್ನ ತಮ್ಮ ಕೆಟ್ಟವನಲ್ಲ. ನನ್ನನ್ನು ಕಾಪಾಡಲು ಹಾಗೆ ಹೇಳಿದ. ಅವನಿಗೆ ಅಷ್ಟು ಸಲೀಸಾಗಿ ಆ ಮಾತು ಬಂದದ್ದು ಎಲ್ಲಿಂದ ಎಂದು ನನಗೆ ಗೊತ್ತು. ಅವನನ್ನು ಎತ್ತಿ ಆಡಿಸಿದವಳು ನಾನೇ.

“ಮಂಜ,” ಎಂದೆ, “ಅತ್ತೆ ಇಲ್ಲೇ ಕೂತವ್ರೆ. ನಾನು ಕುಂದಾಣಕ್ಕೆ ಬಂದೀನಿ. ಫೋನು ಸ್ಪೀಕರಲ್ಲೈತೆ.”

ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅವನು ಫೋನ್ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ. ಮುನಿವೆಂಕಟಮ್ಮ ನೆಲ ನೋಡುತ್ತಾ ಕೂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆಗ ಆ ಕಡೆ ಮಗು ಅಳಲು ಶುರುಮಾಡಿತು. ಹತ್ತಿರದಲ್ಲೇ, ಅದೇ ಕೋಣೆಯಲ್ಲಿ. ಮಂಜೇಶ “ಶ್ಶೂ, ಶ್ಶೂ” ಎಂದ. ದಿವ್ಯ ಸ್ನಾನಕ್ಕೋ ಎಲ್ಲಿಗೋ ಹೋಗಿರಬೇಕು, ಬರಲಿಲ್ಲ. ಅಳು ಜೋರಾಯಿತು. ಉಸಿರು ಕಟ್ಟಿ, ಬಿಟ್ಟು, ಮತ್ತೆ ಕಿರುಚುವ ಅಳು.

ಮುನಿವೆಂಕಟಮ್ಮ ಜಗಲಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು. ಕಿವಿಯನ್ನು ಫೋನಿನ ತೀರ ಹತ್ತಿರ ತಂದು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಹಸಿವಿಗಲ್ಲ ಅದು,” ಎಂದರು. ಫೋನಿಗೆ ಕೇಳುವ ಹಾಗೆ ಮತ್ತೆ ಹೇಳಿದರು. “ಅಳಿಯಂದ್ರೇ, ಹಸಿವಿಗಲ್ಲ. ಹೊಟ್ಟೇಲಿ ಗಾಳಿ ತುಂಬ್ಕೊಂಡೈತೆ. ತೊಡೆ ಮೇಲೆ ಬೋರ್ಲು ಮಲಗಿಸ್ಕೊಳ್ಳಿ. ತಲೆ ಒಂದ್ ಪಕ್ಕಕ್ಕಿರ್ಲಿ. ಬೆನ್ ಮೇಲೆ ಕೈ ಆಡ್ಸಿ, ಕೆಳಗಿಂದ ಮೇಲಕ್ಕೆ. ಒತ್ಬೇಡಿ.”

ಆ ಕಡೆ ಮಂಚ ಕಿರುಗುಟ್ಟಿತು. ಬಟ್ಟೆ ಸರಿದ ಸದ್ದು. ಮಗು ಇನ್ನೂ ಅಳುತ್ತಲೇ ಇತ್ತು. ಮುನಿವೆಂಕಟಮ್ಮನ ಬಲಗೈ ಅವರಿಗೆ ತಿಳಿಯದ ಹಾಗೆ ಜಗಲಿಯ ಕಲ್ಲಿನ ಮೇಲೆ ಮೆಲ್ಲಗೆ ಮೇಲಕ್ಕೆ ಮೇಲಕ್ಕೆ ಆಡುತ್ತಿತ್ತು. ನಾನು ಅದನ್ನು ನೋಡುತ್ತಾ ಕೂತಿದ್ದೆ, ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು.

ಅಳು ತುಂಡು ತುಂಡಾಯಿತು. ಒಂದು ತೇಗು ಕೇಳಿಸಿತು. ಆಮೇಲೆ ನಿಂತಿತು.

“ನಿಂತ್ತು ಅತ್ತೆ,” ಎಂದ ಮಂಜೇಶ.

“ತಕ್ಷಣ ಎತ್ಬೇಡಿ,” ಎಂದರು ಮುನಿವೆಂಕಟಮ್ಮ. “ಇನ್ನೊಂದ್ ಚೂರು ಹಂಗೇ ಇಟ್ಕೊಂಡಿರಿ.”